ಚಳಿಗಾಲದ ಟ್ರೈನರ್ ಸವಾರಿ: ಮನೋಬಲಕ್ಕಿಂತ ಮೊದಲು ಫ್ಯಾನ್

ಈ ಚಳಿನಾಡಿನಲ್ಲಿ ಮೊದಲ ಚಳಿಗಾಲವನ್ನು ಕಾಣುತ್ತಿರುವ ನೀವು ಕೇಳಿರುವುದನ್ನು ನಾನು ತಿಳಿದುಕೊಂಡಂತೆ ಮೊದಲು ಹೇಳಿಬಿಡುತ್ತೇನೆ. ಇಲ್ಲಿಗೆ ಬರುವ ಮುನ್ನ ವಾರಾಂತ್ಯದ ನಾಲ್ಕು ಗಂಟೆಯ ಸವಾರಿ ನಿಮಗೆ ಭಾರವೆನಿಸುತ್ತಿರಲಿಲ್ಲ. ಈಗ ರಸ್ತೆಯ ಮೇಲೆ ಹಿಮ ಕೂತಿದೆ, ಸಂಜೆಗೆ ಮುಂಚೆಯೇ ಕತ್ತಲಾಗುತ್ತದೆ. ಹಾಗಾಗಿ ಸ್ಮಾರ್ಟ್ ಟ್ರೈನರ್, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಟ್ಟು ತುಳಿತದ ಭಾರವನ್ನು ತಾನೇ ಹೊಂದಿಸುವ ಯಂತ್ರ, ಕೊಂಡು ಬಾಡಿಗೆ ಮನೆಯ ಕೋಣೆಯೊಂದರಲ್ಲಿ ಸೈಕಲ್ಲನ್ನು ಅದಕ್ಕೆ ಜೋಡಿಸಿಕೊಂಡಿದ್ದೀರಿ. ಆದರೆ ನಲವತ್ತು ನಿಮಿಷ ತುಂಬುವುದರೊಳಗೆ ಇಳಿದುಬಿಡಬೇಕೆನಿಸುತ್ತದೆ. ಇಲ್ಲೇ ನೆಲೆಸಿದವರು ಎರಡು, ಮೂರು ಗಂಟೆಗಳ ಸವಾರಿಯನ್ನು ಮನೆಯೊಳಗೆ ಹೇಗೆ ಮುಗಿಸುತ್ತಾರೆ, ಅದಕ್ಕೆ ಬೇಕಾದ ಮನೋಬಲ ಎಲ್ಲಿಂದ ಬರುತ್ತದೆ, ಇಲ್ಲವೇ ಧೈರ್ಯ ಮಾಡಿ ಹೊರಗೇ ಹೊರಟುಬಿಡಬಹುದೇ ಎಂಬುದು ನಿಮ್ಮ ಪ್ರಶ್ನೆ.

ಮನೋಬಲದ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಹಲವು ಚಳಿಗಾಲಗಳನ್ನು ಈ ಯಂತ್ರದ ಮೇಲೆ ಕಳೆದಿರುವ ನನಗೆ ಖಚಿತವಾಗಿರುವ ಸಂಗತಿ ಒಂದೇ: ಟ್ರೈನರ್ ಮೇಲೆ ನಾವು ಬೇಸರವೆಂದು ಕರೆಯುವುದರಲ್ಲಿ ದೊಡ್ಡ ಪಾಲು ಮೈ ಕಾದದ್ದರಿಂದ ಬಂದಿರುತ್ತದೆ, ಮತ್ತೊಂದು ಪಾಲು ಅಲುಗಾಡದೆ ಒಂದೇ ಭಂಗಿಯಲ್ಲಿ ಕೂತದ್ದರಿಂದ ಬಂದಿರುತ್ತದೆ. ಇವೆರಡನ್ನೂ ಸರಿಪಡಿಸಿದ ಮೇಲೆ ಮನಸ್ಸಿಗೆ ಉಳಿಯುವ ಕೆಲಸ ಅಷ್ಟೇನೂ ದೊಡ್ಡದಲ್ಲ.

ಶಾಖದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್‌ಗೆ ತಲುಪುವುದು ಸುಮಾರು ಶೇ. 20ರಿಂದ 25ರಷ್ಟು ಮಾತ್ರ. ಮಿಕ್ಕದ್ದೆಲ್ಲ ಶಾಖವಾಗಿ ಮೈಯಿಂದ ಹೊರಹೋಗಬೇಕು. ಪರದೆಯ ಮೇಲೆ 200 ವ್ಯಾಟ್ ಎಂದು ಕಾಣುತ್ತಿರುವಾಗ ನಿಮ್ಮ ಮೈಯಲ್ಲಿ 600ರಿಂದ 800 ವ್ಯಾಟ್‌ನಷ್ಟು ಶಾಖ ಹುಟ್ಟುತ್ತಿರುತ್ತದೆ, ಅಂದರೆ ಸಣ್ಣದೊಂದು ರೂಮ್ ಹೀಟರನ್ನು ಬೆನ್ನಿಗೆ ಕಟ್ಟಿಕೊಂಡು ಕೂತಂತೆ. ಪೆಡಲ್‌ಗೆ ತಲುಪಿದ ಆ 200 ವ್ಯಾಟ್ ಕೂಡ ಟ್ರೈನರ್‌ನ ಬ್ರೇಕಿನಲ್ಲಿ ಶಾಖವಾಗಿ ಅದೇ ಕೋಣೆಗೆ ಸೇರುತ್ತದೆ. ರಸ್ತೆಯ ಮೇಲೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಸೆಕೆಂಡಿಗೆ ಎಂಟು ಮೀಟರ್‌ಗೂ ಮಿಕ್ಕಿದ ಗಾಳಿ ಎದುರಿನಿಂದ ಬೀಸುತ್ತಿರುತ್ತದೆ. ಕೋಣೆಯೊಳಗೆ ಆ ಗಾಳಿಯೇ ಇಲ್ಲ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ, ಅದು 700 ವ್ಯಾಟ್‌ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಶಾಖ. ಆದರೆ ಮೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಯಾವ ಶಾಖವನ್ನೂ ಒಯ್ಯುವುದಿಲ್ಲ. ಮೈ ತಣಿಯದಿದ್ದಾಗ ದೇಹವು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತದೆ, ಅದೇ ವ್ಯಾಟ್‌ಗೆ ಎದೆಬಡಿತ ಮೇಲೇರುತ್ತಾ ಹೋಗುತ್ತದೆ, ಅರ್ಧ ಗಂಟೆಯ ಹಿಂದೆ ಹಗುರವಾಗಿದ್ದ ಕೆಲಸ ಭಾರವಾಗುತ್ತದೆ, ಮನಸ್ಸು ಇಳಿಯಲು ನೆಪ ಹುಡುಕುತ್ತದೆ. ನಿಮ್ಮ ನಲವತ್ತನೆಯ ನಿಮಿಷ ಇದೇ ಇರಬೇಕೆಂದು ನನ್ನ ಅಂದಾಜು. ಹೌದೋ ಅಲ್ಲವೋ ನೋಡಲು ದಾರಿಯೂ ಇದೆ: ಮುಂದಿನ ಸವಾರಿಯಲ್ಲಿ ವ್ಯಾಟ್ ಬದಲಾಗದಂತೆ ನೋಡಿಕೊಂಡು ಹತ್ತನೆಯ ನಿಮಿಷದ ಮತ್ತು ನಲವತ್ತನೆಯ ನಿಮಿಷದ ಎದೆಬಡಿತವನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಫ್ಯಾನ್ ಇಟ್ಟುಕೊಂಡು ಅದನ್ನೇ ಮತ್ತೆ ಮಾಡಿ.

ಮೇಜಿನ ಮೇಲಿಡುವ ಪುಟ್ಟ ಫ್ಯಾನ್ ಈ ಕೆಲಸಕ್ಕೆ ಸಾಲದು. ನೆಲದ ಮೇಲೆ ನಿಲ್ಲುವ, ಗಾಳಿಯನ್ನು ಜೋರಾಗಿ ಮುಂದಕ್ಕೆ ತಳ್ಳುವ ದೊಡ್ಡ ಫ್ಯಾನ್ ಬೇಕು. ಅದನ್ನು ಮುಖಕ್ಕೆ ಮಾತ್ರ ಹಿಡಿಯದೆ, ಎದೆ ಮತ್ತು ಹೊಟ್ಟೆಯ ಎತ್ತರಕ್ಕೆ, ಹ್ಯಾಂಡಲ್‌ಬಾರ್‌ನಿಂದ ಒಂದು ಮಾರು ದೂರದಲ್ಲಿ ಇಡಿ. ಒಂದೂವರೆ ಗಂಟೆ ದಾಟುವ ಸವಾರಿಗೆ ಬೆನ್ನಿನ ಬದಿಯಿಂದ ಓರೆಯಾಗಿ ಬೀಸುವ ಎರಡನೆಯದೂ ಇದ್ದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಚಳಿಗಾಲದಲ್ಲಿ ಫ್ಯಾನ್ ಹುಡುಕುವವರು ಅಪರೂಪವಾದ್ದರಿಂದ ಅಂಗಡಿಯವರು ನಿಮ್ಮನ್ನು ಎರಡು ಸಲ ನೋಡಬಹುದು, ಅದಕ್ಕೆ ಸಂಕೋಚ ಬೇಡ. ನಾವಿರುವ ಚಳಿನಾಡಿನ ಒಂದು ದೊಡ್ಡ ಅನುಕೂಲ ಕಿಟಕಿಯಾಚೆ ಇರುವ ತಣ್ಣನೆಯ ಒಣಗಾಳಿ. ಕಿಟಕಿಯನ್ನು ಒಂದು ಗೇಣು ತೆರೆದು ಫ್ಯಾನನ್ನು ಅದರ ಮುಂದೆಯೇ ನಿಲ್ಲಿಸಿದರೆ ಕೋಣೆಯ ತೇವವೂ ಹೊರಹೋಗುತ್ತದೆ, ಗಾಜಿನ ಮೇಲೆ ನೀರು ಕೂತು ಗೋಡೆಗೆ ಬೂಷ್ಟು ಹಿಡಿಯುವುದೂ ತಪ್ಪುತ್ತದೆ. ಆದರೆ ಕಿಟಕಿ ತೆರೆಯುವ ಮುನ್ನ ಅದರ ಕೆಳಗಿರುವ ರೇಡಿಯೇಟರ್‌ನ ಗುಂಡಿಯನ್ನು ಹಿಮದ ಹರಳಿನ ಗುರುತಿನವರೆಗೆ ತಿರುಗಿಸಿಡಿ. ಹಾಗೆಯೇ ಬಿಟ್ಟರೆ ಆ ಗುಂಡಿಯೊಳಗಿನ ಥರ್ಮೋಸ್ಟಾಟ್ ಬೀಸಿ ಬರುವ ತಣ್ಣನೆಯ ಗಾಳಿಯನ್ನು ಗ್ರಹಿಸಿ, ಕೋಣೆ ಚಳಿಯಾಗಿದೆಯೆಂದು ಬಗೆದು ಬಿಸಿನೀರನ್ನು ಪೂರ್ತಿ ಬಿಡುತ್ತದೆ. ನೀವು ಒಂದು ಕಡೆ ಕೋಣೆಯನ್ನು ತಣಿಸುತ್ತಿರುವಾಗ ಅದು ಇನ್ನೊಂದು ಕಡೆಯಿಂದ ಬೀದಿಯನ್ನು ಬಿಸಿ ಮಾಡುತ್ತಿರುತ್ತದೆ. ಸವಾರಿ ಶುರುವಾಗುವಾಗ ತೋಳಿಲ್ಲದ ಬನಿಯನ್ನಿನಲ್ಲಿ ಚಳಿಯೆನಿಸಿದರೆ ಕೋಣೆ ಸರಿಯಾಗಿದೆ ಎಂದರ್ಥ. ಮುಗಿದ ಕೂಡಲೇ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒದ್ದೆ ಬಟ್ಟೆ ಬದಲಿಸಿ.

ಎರಡು ಫ್ಯಾನ್ ಇದ್ದರೂ ಬೆವರು ಹರಿಯುವುದು ನಿಲ್ಲುವುದಿಲ್ಲ, ಆದ್ದರಿಂದ ನೀರಿನ ವಿಷಯದಲ್ಲಿ ಅಂದಾಜಿಗಿಂತ ತೂಕದ ಯಂತ್ರವನ್ನು ನಂಬಿ. ಸವಾರಿಗೆ ಮೊದಲು ಮತ್ತು ಮೈ ಒರೆಸಿಕೊಂಡ ನಂತರ ತೂಕ ನೋಡಿ. ಇಳಿದ ಒಂದೊಂದು ಕಿಲೋ ಸುಮಾರು ಒಂದು ಲೀಟರ್ ನೀರಿಗೆ ಸಮ, ಅದಕ್ಕೆ ನಡುವೆ ಕುಡಿದದ್ದನ್ನು ಕೂಡಿಸಿದರೆ ನಿಮ್ಮ ಬೆವರಿನ ಪ್ರಮಾಣ ಸಿಗುತ್ತದೆ. ದೇಹತೂಕದ ಶೇ. 2ಕ್ಕಿಂತ ಹೆಚ್ಚು, ಅಂದರೆ 70 ಕಿಲೋ ತೂಗುವವರಿಗೆ 1.4 ಕಿಲೋದಷ್ಟು, ಇಳಿಯದಂತೆ ನೋಡಿಕೊಂಡರೆ ಸಾಕು. ಬೆವರಿದ್ದಕ್ಕಿಂತ ಹೆಚ್ಚು ಕುಡಿಯುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಸೋಡಿಯಂ ತೀರಾ ತೆಳುವಾಗುವ ಅಪಾಯ ಅದರಲ್ಲಿದೆ. ಸಕ್ಕರೆಯನ್ನು ಮರೆಯುವವರೇ ಹೆಚ್ಚು. ಹೊರಗೆ ಹೊರಟಾಗ ಜೇಬಿನಲ್ಲಿ ಏನಾದರೂ ಇಟ್ಟುಕೊಳ್ಳುವವರು ಮನೆಯೊಳಗೆ, ಅಡುಗೆಮನೆ ಹತ್ತು ಹೆಜ್ಜೆಯಲ್ಲಿದೆ ಎಂಬ ಧೈರ್ಯದಲ್ಲಿ, ಬರೀ ನೀರು ಕುಡಿದುಕೊಂಡು ಎರಡು ಗಂಟೆ ತುಳಿಯುತ್ತಾರೆ. ತೊಂಬತ್ತು ನಿಮಿಷ ಮೀರುವ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಮಾನ್ಯವಾಗಿ ಎಲ್ಲರಿಗೂ ಹಿಡಿಸುವ ಪ್ರಮಾಣ. ಸಾಧಾರಣ ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅರ್ಧರ್ಧ ಇರುವುದರಿಂದ, ಅದನ್ನೇ ನೀರಿನಲ್ಲಿ ಕರಗಿಸಿ ಚಿಟಿಕೆ ಉಪ್ಪು ಬೆರೆಸಿದರೂ ಕೆಲಸ ನಡೆಯುತ್ತದೆ. ಒಂದು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ಬರುವ, ಕಾರಣವೇ ಇಲ್ಲದ ಮಂಕುತನ ಬಹುಪಾಲು ಹಸಿವಿನದೇ.

ಬೆವರು ಸೈಕಲ್ಲಿಗೂ ಶತ್ರು. ಹ್ಯಾಂಡಲ್‌ಬಾರ್‌ನ ಟೇಪಿನಡಿ ಇಳಿದ ಉಪ್ಪುನೀರು ಅಲ್ಯೂಮಿನಿಯಂ ಕೊಳವೆಯನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ, ಹ್ಯಾಂಡಲ್‌ಬಾರನ್ನು ಹಿಡಿದಿರುವ ಸ್ಟೆಮ್‌ನ ಬೋಲ್ಟುಗಳು ಮತ್ತು ಅದು ತಿರುಗುವ ಕೀಲಾದ ಹೆಡ್‌ಸೆಟ್‌ನ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಹ್ಯಾಂಡಲ್‌ಬಾರ್ ಮತ್ತು ಮೇಲಿನ ಕೊಳವೆಯ ಮೇಲೆ ದಪ್ಪ ಟವೆಲ್ ಹಾಸಿ, ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಬಾಡಿಗೆ ಮನೆಯ ಮರದ ನೆಲಕ್ಕೂ ಇದು ಅನ್ವಯಿಸುತ್ತದೆ. ಕೆಳಗೆ ಹಾಸುವ ಮ್ಯಾಟ್ ನೀರು ಇಳಿಯದಂಥದ್ದಾಗಿರಬೇಕು, ಇಲ್ಲವಾದರೆ ಮನೆ ಬಿಡುವ ದಿನ ಆ ಕಲೆ ನಿಮ್ಮ ಠೇವಣಿಯಲ್ಲಿ ಲೆಕ್ಕಕ್ಕೆ ಬರುತ್ತದೆ.

ಇನ್ನು ಕೂತಲ್ಲೇ ಕೂರುವ ಸಮಸ್ಯೆ. ರಸ್ತೆಯಲ್ಲಿ ಸೈಕಲ್ ನಮ್ಮ ಅಡಿಯಲ್ಲಿ ಸದಾ ಸ್ವಲ್ಪ ತೂಗುತ್ತಿರುತ್ತದೆ, ತಿರುವು, ಏರು, ಸಿಗ್ನಲ್, ಗುಂಡಿ ಎಂದು ನಾವೂ ಸೀಟಿನಿಂದ ಎದ್ದು ಕೂತು ಮಾಡುತ್ತಿರುತ್ತೇವೆ. ಟ್ರೈನರ್ ಹಿಂದಿನ ಚಕ್ರದ ಜಾಗವನ್ನು ಬಿಗಿಯಾಗಿ ಹಿಡಿದಿರುವುದರಿಂದ ದೇಹದ ಭಾರವೆಲ್ಲ ಸೀಟಿನ ಅವೇ ಎರಡು ಜಾಗಗಳ ಮೇಲೆ ನಿಮಿಷಗಟ್ಟಲೆ ಕೂತು, ರಕ್ತಸಂಚಾರ ತಗ್ಗಿ ಜೋಮು ಹಿಡಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎರಡು ಗೇರ್ ಭಾರ ಮಾಡಿ ಅರ್ಧ ನಿಮಿಷ ಎದ್ದು ನಿಂತು ತುಳಿಯುವುದನ್ನು ನಿಯಮ ಮಾಡಿಕೊಳ್ಳಿ. ನೋವು ಬಂದ ಮೇಲೆ ಏಳುವುದರಿಂದ ಪ್ರಯೋಜನ ಕಡಿಮೆ, ಬರುವ ಮೊದಲೇ ಏಳಬೇಕು. ಒಳ್ಳೆಯ ಬಿಬ್ ಶಾರ್ಟ್ಸ್ (ಭುಜಪಟ್ಟಿಯೂ ಕೂರುವಲ್ಲಿ ಮೆತ್ತೆಯೂ ಇರುವ ಸೈಕಲ್ ಚಡ್ಡಿ) ಮನೆಯೊಳಗೂ ಬೇಕು, ಯಾರೂ ನೋಡುವುದಿಲ್ಲವೆಂದು ಹಳೆಯದನ್ನು ಟ್ರೈನರಿಗೆ ಮೀಸಲಿಡುವುದು ತಿರುಗುಮುರುಗಾದ ಲೆಕ್ಕ. ಮುಂದಿನ ಚಕ್ರದ ಕೆಳಗೆ ಆಧಾರವಿಟ್ಟು ಎರಡೂ ಅಚ್ಚುಗಳು ಒಂದೇ ಮಟ್ಟಕ್ಕೆ ಬಂದಿವೆಯೇ ನೋಡಿ. ಮುಂಭಾಗ ತಗ್ಗಾಗಿದ್ದರೆ ಭಾರವೆಲ್ಲ ಅಂಗೈಗೂ ಸೀಟಿನ ಮೂತಿಗೂ ಬೀಳುತ್ತದೆ. ಸೈಕಲ್ಲನ್ನು ಪಕ್ಕಕ್ಕೆ ತುಸು ತೂಗಲು ಬಿಡುವ ರಾಕರ್ ಹಲಗೆಗಳೂ ಸಿಗುತ್ತವೆ. ವಾರಕ್ಕೊಮ್ಮೆಯಾದರೂ ಎರಡು ಗಂಟೆ ದಾಟುವವರಿಗೆ ಅವು ಉಪಯುಕ್ತ, ಉಳಿದವರಿಗೆ ಅಗತ್ಯವಿಲ್ಲ.

ಹೊಸಬರನ್ನು ಕಂಗೆಡಿಸುವ ಮತ್ತೊಂದು ಸಂಗತಿ ಟ್ರೈನರಿನ ಎರ್ಗ್ ಮೋಡ್. ನೀವು ಯಾವ ವೇಗದಲ್ಲಿ ತುಳಿದರೂ ನಿಗದಿ ಮಾಡಿದ ವ್ಯಾಟ್ ಬರುವಂತೆ ಅದು ಭಾರವನ್ನು ತಾನೇ ಹೊಂದಿಸುತ್ತದೆ. ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದವರು ದಣಿದು 60ಕ್ಕೆ ಇಳಿದರೆ, ಅದೇ ವ್ಯಾಟ್‌ಗಾಗಿ ಪ್ರತಿ ತುಳಿತಕ್ಕೆ ಒಂದೂವರೆ ಪಟ್ಟು ಬಲ ಹಾಕಬೇಕಾಗುತ್ತದೆ. ಅದರಿಂದ ಕಾಲು ಇನ್ನೂ ನಿಧಾನವಾಗುತ್ತದೆ, ಭಾರ ಇನ್ನೂ ಏರುತ್ತದೆ, ಕೊನೆಗೆ ಪೆಡಲ್ ನಿಂತೇಬಿಡುತ್ತದೆ. ಇದನ್ನು ತಮ್ಮ ಕಾಲಿನ ಸೋಲೆಂದು ತಿಳಿದು ಇಳಿದುಹೋಗುವವರು ಬಹಳ. ಕೇಡೆನ್ಸ್, ಅಂದರೆ ನಿಮಿಷಕ್ಕೆ ತುಳಿಯುವ ಸುತ್ತುಗಳ ಲೆಕ್ಕ, ಕುಸಿಯಲು ತೊಡಗಿದ ಕೂಡಲೇ ತುಳಿಯುವುದನ್ನು ಕೆಲವು ಸೆಕೆಂಡು ನಿಲ್ಲಿಸಿ. ಟ್ರೈನರ್ ಭಾರವನ್ನು ಬಿಡುತ್ತದೆ, ಆಗ ಕಾಲನ್ನು ಮತ್ತೆ 90ರ ಆಸುಪಾಸಿಗೆ ತಂದುಕೊಂಡು ಮುಂದುವರಿಯಬಹುದು. ದೀರ್ಘವಾದ ಹಗುರ ಸವಾರಿಗಳಿಗೆ ನಾನು ಎರ್ಗ್ ಅನ್ನು ಆರಿಸಿಯೇ ಇಡುತ್ತೇನೆ, ಏಕೆಂದರೆ ಗೇರ್ ಬದಲಿಸುವ ಆ ಸಣ್ಣ ಕೆಲಸವೂ ಕೈಗೆ ಮತ್ತು ತಲೆಗೆ ಬೇಕಾಗಿರುತ್ತದೆ. ವ್ಯಾಯಾಮ ಶರೀರಶಾಸ್ತ್ರಜ್ಞ ಆಂಡ್ರ್ಯೂ ಕಾಗನ್ ತುಳಿತದ ತೀವ್ರತೆಯನ್ನು ವಿಂಗಡಿಸಿದ ವಲಯಗಳ ಲೆಕ್ಕದಲ್ಲಿ, ಎಫ್‌ಟಿಪಿಯ (ಸುಮಾರು ಒಂದು ಗಂಟೆ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ಸರಾಸರಿ ವ್ಯಾಟ್) ಶೇ. 56ರಿಂದ 75ರವರೆಗಿನ ಎರಡನೆಯ ವಲಯವೇ ಇಂಥ ಸವಾರಿಗಳ ಜಾಗ. ನಿಮ್ಮ ಹೊರಗಿನ ಎಫ್‌ಟಿಪಿಯನ್ನು ಇಲ್ಲಿಗೆ ನೇರವಾಗಿ ತರಬೇಡಿ. ಒಳಗೆ ಅದು ಸ್ವಲ್ಪ ಕಡಿಮೆಯೇ ಬರುವುದು ಸಾಮಾನ್ಯ, ಆದ್ದರಿಂದ ಇದೇ ಟ್ರೈನರ್ ಮೇಲೆ 20 ನಿಮಿಷ ಶಕ್ತಿಮೀರಿ ತುಳಿದು, ಬಂದ ಸರಾಸರಿಯ ಶೇ. 95ನ್ನು ಚಳಿಗಾಲದ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಈಗ ಮನಸ್ಸಿಗೆ ಬರೋಣ. ಗಡಿಯಾರವನ್ನು ಪರದೆಯಿಂದ ತೆಗೆದುಹಾಕುವುದು ಅಥವಾ ಅದರ ಮೇಲೊಂದು ಚೀಟಿ ಅಂಟಿಸುವುದು ಬಾಲಿಶವೆನಿಸಬಹುದು, ಆದರೆ ಫಲ ಕೊಡುತ್ತದೆ. ಎರಡೂವರೆ ಗಂಟೆ ಎಂಬುದನ್ನು ಒಂದೇ ಉಂಡೆಯಾಗಿ ನೋಡದೆ, ಇಪ್ಪತ್ತು ನಿಮಿಷ ಸಮನಾಗಿ ತುಳಿಯುವುದು, ಆಮೇಲೆ ಐದು ನಿಮಿಷ ಕೇಡೆನ್ಸ್ ಬದಲಿಸುವುದು, ಮತ್ತೆ ಇಪ್ಪತ್ತು ಎಂದು ಒಡೆದುಕೊಳ್ಳಿ. ಕಣ್ಣಿಗೆ ಏನು ಕೊಡಬೇಕೆಂಬುದು ಕಷ್ಟದ ಮಟ್ಟವನ್ನು ಅವಲಂಬಿಸುತ್ತದೆ. ಬಿರುಸಿನ ಇಂಟರ್‌ವಲ್‌ಗಳ (ಜೋರಾದ ತುಳಿತ, ನಡುನಡುವೆ ಹಗುರ ತುಳಿತ) ದಿನ ಕಥೆಯಿರುವ ಚಿತ್ರ ಹಾಕಿದರೆ ಕಥೆಯೂ ತಲೆಗೆ ಹತ್ತುವುದಿಲ್ಲ, ಕಾಲೂ ಹಿಂದೆ ಬೀಳುತ್ತದೆ. ಆ ದಿನ ಸಂಗೀತ ಸಾಕು. ಹಗುರ ಸವಾರಿಗೆ ಹಳೆಯ ಸೈಕಲ್ ರೇಸುಗಳ ಪೂರ್ಣ ಪ್ರಸಾರದಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ, ಅವು ಗಂಟೆಗಟ್ಟಲೆ ಸಾಗುತ್ತವೆ ಮತ್ತು ನಡುವೆ ಹತ್ತು ನಿಮಿಷ ಗಮನ ತಪ್ಪಿದರೂ ಏನೂ ಕಳೆದುಹೋಗುವುದಿಲ್ಲ. ಫ್ಯಾನಿನ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಅಡಿಬರಹ ಹಾಕಿಕೊಳ್ಳಿ. ಟ್ರೈನರ್ ತುಳಿತಕ್ಕೆ ತಕ್ಕಂತೆ ಪರದೆಯ ಮೇಲೆ ಸವಾರನನ್ನು ಓಡಿಸುವ ಜ್ವಿಫ್ಟ್‌ನಂಥ ಆನ್‌ಲೈನ್ ಆಟದ ಲೋಕದಲ್ಲಿ ಗುಂಪಿನೊಡನೆ ಹೊರಟರೆ ನಡುವೆ ಇಳಿಯಲು ಸಂಕೋಚವಾಗುತ್ತದೆ, ಅದು ಲಾಭವೇ. ಆದರೆ ಹಗುರವೆಂದು ಶುರುವಾದ ಗುಂಪು ಸವಾರಿ ಕಾಲು ಗಂಟೆಯಲ್ಲಿ ರೇಸಾಗಿ ತಿರುಗುವುದೂ ಉಂಟು, ಆಗ ಹಿಂದೆ ಉಳಿಯುವ ಸಂಯಮ ಬೇಕು.

ಪರದೇಶದಲ್ಲಿರುವ ನಮಗೆ ಇನ್ನೊಂದು ಉಪಾಯವಿದೆ. ಕಾಲಮಾನದ ಅಂತರದಿಂದಾಗಿ ಮನೆಯವರು ಬಿಡುವಾಗಿರುವ ಹೊತ್ತು ನಮ್ಮ ರಜಾದಿನದ ಬೆಳಗಿನ ಸವಾರಿಯ ಹೊತ್ತಿಗೇ ಬೀಳುತ್ತದೆ. ವಾರದ ದೊಡ್ಡ ಫೋನ್ ಮಾತುಕತೆಯನ್ನು ಅದೇ ಹೊತ್ತಿಗೆ ಇಟ್ಟುಕೊಂಡರೆ ಮುಕ್ಕಾಲು ಗಂಟೆ ಸರಿದದ್ದೇ ಗೊತ್ತಾಗುವುದಿಲ್ಲ. ತಾಂತ್ರಿಕವಾಗಿಯೂ ಇದು ಸರಿಯಾದ ಅಳತೆಗೋಲು, ಏಕೆಂದರೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಲು ಆಗುವಷ್ಟು ಹಗುರವಾಗಿ ತುಳಿಯುತ್ತಿದ್ದರೆ ನೀವು ಎರಡನೆಯ ವಲಯದಲ್ಲಿಯೇ ಇದ್ದೀರಿ. ನಿಮ್ಮಲ್ಲೇನು ಬಿರುಗಾಳಿಯೇ ಎಂದು ಆ ಕಡೆಯಿಂದ ಕೇಳಿದರೆ ಮೈಕನ್ನು ಕೊರಳಪಟ್ಟಿಯೊಳಗೆ ಸೇರಿಸಿಕೊಳ್ಳಿ.

ಒಳಗೆ ತುಳಿದದ್ದು ಹೊರಗೆ ಫಲಿಸುತ್ತದೆಯೇ ಎಂಬ ಅನುಮಾನ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತಿತ್ತು. ಆಸ್ಟ್ರೇಲಿಯಾದ ವೃತ್ತಿಪರ ಸೈಕಲ್ ಸವಾರ ಮ್ಯಾಥ್ಯೂ ಹೇಮನ್ 2016ರ ಫೆಬ್ರವರಿ ಕೊನೆಯಲ್ಲಿ ಬೆಲ್ಜಿಯಂನ ರೇಸೊಂದರಲ್ಲಿ ಬಿದ್ದು ತೋಳಿನ ಮೂಳೆ ಮುರಿದುಕೊಂಡರು. ರಸ್ತೆಗಿಳಿಯಲಾಗದ ವಾರಗಳನ್ನು ತಮ್ಮ ಗ್ಯಾರೇಜಿನಲ್ಲಿ ಟ್ರೈನರ್ ಮೇಲೆ ಕಳೆದು, ಅದೇ ಏಪ್ರಿಲ್ 10ರಂದು 250 ಕಿ.ಮೀ.ಗೂ ಮಿಕ್ಕಿದ ಪ್ಯಾರಿಸ್–ರೂಬೆ ರೇಸನ್ನು ಗೆದ್ದರು. ಅವರ ಹಿಂದೆ ಹಲವು ವರ್ಷಗಳ ವೃತ್ತಿ ಅನುಭವವಿತ್ತು ಎಂಬುದು ನಿಜ, ಆದರೆ ಕಾಲಿನ ಬಲ ಕೋಣೆಯಲ್ಲಿ ಉಳಿಯುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹಾಗೆಂದು ಹೊರಗಿನ ನಾಲ್ಕು ಗಂಟೆಯನ್ನು ಒಳಗೂ ನಾಲ್ಕು ಗಂಟೆಯಾಗಿಯೇ ತುಳಿಯಬೇಕೆಂಬ ಹಟ ಬೇಡ. ರಸ್ತೆಯ ಸವಾರಿಯಲ್ಲಿ ಇಳಿಜಾರು, ಸಿಗ್ನಲ್, ಬೇರೆಯವರ ಬೆನ್ನ ಹಿಂದಿನ ವಿರಾಮ ಎಂದು ಕಾಲು ನಿಂತಿರುವ ಹೊತ್ತು ಸಾಕಷ್ಟಿರುತ್ತದೆ. ಟ್ರೈನರ್ ಮೇಲೆ ಪ್ರತಿ ನಿಮಿಷವೂ ತುಳಿದದ್ದೇ. ನನ್ನ ಮಟ್ಟಿಗೆ ಎರಡು ಗಂಟೆ ಬಹುಪಾಲು ಜನರಿಗೆ ಸಾಕು, ದೂರದ ಸ್ಪರ್ಧೆಗೆ ಸಿದ್ಧವಾಗುತ್ತಿರುವವರು ವಾರಕ್ಕೊಮ್ಮೆ ಮೂರರವರೆಗೆ ಹೋಗಬಹುದು, ಅದರಾಚೆ ಸಿಗುವ ಲಾಭಕ್ಕಿಂತ ಸೈಕಲ್ಲಿನ ಮೇಲೆ ಹುಟ್ಟುವ ಅರುಚಿಯೇ ಹೆಚ್ಚು. ಈಗಿನ ನಲವತ್ತು ನಿಮಿಷಕ್ಕೆ ವಾರಕ್ಕೆ ಹತ್ತು ನಿಮಿಷದಂತೆ ಕೂಡಿಸುತ್ತಾ ಹೋಗಿ. ನಡುವೆ ಒಮ್ಮೆ ಇಳಿದು ನೀರಿನ ಬಾಟಲಿ ತುಂಬಿಸಿಕೊಂಡು ಬಂದರೆ ಸವಾರಿ ಕೆಡುವುದಿಲ್ಲ.

ಕೆಳಗಿನ ಮನೆಯವರ ವಿಷಯವನ್ನು ನೀವು ಕೇಳಿಲ್ಲ, ಆದರೆ ಅಪಾರ್ಟ್‌ಮೆಂಟಿನಲ್ಲಿ ಇರುವುದಾದರೆ ಅದೂ ಬರುತ್ತದೆ. ಹಿಂದಿನ ಚಕ್ರ ಬಿಚ್ಚಿ ಚೈನನ್ನು ನೇರವಾಗಿ ಕೂಡಿಸುವ ಟ್ರೈನರುಗಳ ಸದ್ದು ಕಡಿಮೆ. ನೆಲದ ಮೂಲಕ ಇಳಿಯುವ ಕಂಪನವೇ ಕೆಳಗಿನವರಿಗೆ ಗುಡುಗಿನಂತೆ ಕೇಳುವುದು. ದಪ್ಪ ರಬ್ಬರ್ ಮ್ಯಾಟ್ ಹಾಕಿ, ಟ್ರೈನರನ್ನು ಕೋಣೆಯ ನಟ್ಟನಡುವೆ ಇಡದೆ ಗೋಡೆಯ ಹತ್ತಿರ ಇಡಿ, ಎರ್ಗ್ ಮೋಡ್‌ನಲ್ಲಿ ಮುಂದಿನ ಸಣ್ಣ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಬಳಸಿ. ಅದರಿಂದ ಟ್ರೈನರ್‌ನೊಳಗಿನ ಭಾರದ ಚಕ್ರವಾದ ಫ್ಲೈವೀಲ್ ನಿಧಾನವಾಗಿ ತಿರುಗಿ ಸದ್ದು ತಗ್ಗುತ್ತದೆ. ಬಾಡಿಗೆ ಕರಾರಿನಲ್ಲಿ ನಿಶ್ಶಬ್ದದ ವೇಳೆ ಬರೆದಿದೆಯೇ ನೋಡಿಕೊಳ್ಳಿ, ಮೊದಲ ದೂರು ಬರುವುದಕ್ಕೆ ಮುನ್ನವೇ ಕೆಳಗಿಳಿದು ಹೋಗಿ ಪರಿಚಯ ಹೇಳಿ, ಯಾವ ಹೊತ್ತು ತೊಂದರೆಯಾಗದು ಎಂದು ಕೇಳಿ. ಹೊಸ ನಾಡಿನಲ್ಲಿ ನೆರೆಯವರ ಗುರುತಾಗಲು ಇದೂ ಒಂದು ಕಾರಣವಾಗುತ್ತದೆ.

ಹೊರಗೆ ಹೋಗಬಹುದೇ ಎಂಬುದಕ್ಕೆ ಉತ್ತರ ಚಿಕ್ಕದು: ಮೊದಲ ಚಳಿಗಾಲದಲ್ಲಿ ಸಾಹಸ ಬೇಡ. ಚಳಿಯನ್ನು ಬಟ್ಟೆಯಿಂದ ತಡೆಯಬಹುದು, ಆದರೆ ಡಾಂಬರಿನ ಮೇಲೆ ತೆಳುವಾಗಿ ಹೆಪ್ಪುಗಟ್ಟಿ ಬರೀ ಒದ್ದೆಯಂತೆ ಕಾಣುವ ಮಂಜುಗಡ್ಡೆಯನ್ನು ಗುರುತಿಸುವ ಕಣ್ಣು ಬರಲು ಸಮಯ ಬೇಕು. ಮೊಳೆ ಹೊಡೆದ ಟೈರುಗಳಿವೆ, ಕೆಲಸಕ್ಕೆ ಹೋಗಿಬರಲು ಅವು ಒಳ್ಳೆಯವು, ದೀರ್ಘ ಸವಾರಿಗೆ ನಿಧಾನ. ರಸ್ತೆಗೆ ಸುರಿಯುವ ಉಪ್ಪು ಚೈನನ್ನು ತಿನ್ನುವುದು ಬೇರೆ. ಟ್ರೈನರ್ ಇದೆಯೆಂದು ಇಡೀ ದಿನ ಮನೆಯೊಳಗೇ ಇದ್ದುಬಿಡಬೇಡಿ, ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ನಡೆದುಬನ್ನಿ. ಉತ್ತರದ ಅಕ್ಷಾಂಶಗಳ ಚಳಿಗಾಲದ ಓರೆ ಬಿಸಿಲಿನಲ್ಲಿ ಚರ್ಮ ವಿಟಮಿನ್ ಡಿ ತಯಾರಿಸುವುದು ಅತ್ಯಲ್ಪವಾದ್ದರಿಂದ ವೈದ್ಯರನ್ನು ಕಂಡಾಗ ಅದನ್ನೊಮ್ಮೆ ವಿಚಾರಿಸಿ.

ರಸ್ತೆ ಒಣಗಿದ ಮೇಲೆ ಮೊದಲ ಬಾರಿ ಹೊರಡುವಾಗ ನಿಮ್ಮ ಕಾಲು ಸಿದ್ಧವಾಗಿರುತ್ತದೆ, ಕೈ ಸಿದ್ಧವಾಗಿರುವುದಿಲ್ಲ. ತಿಂಗಳುಗಟ್ಟಲೆ ಬ್ರೇಕ್ ಹಿಡಿಯದ, ತಿರುವಿನಲ್ಲಿ ವಾಲದ ದೇಹಕ್ಕೆ ಇಳಿಜಾರು ಹೊಸದೆನಿಸುತ್ತದೆ, ಕುತ್ತಿಗೆ ಮತ್ತು ಮಣಿಕಟ್ಟು ಬೇಗ ದಣಿಯುತ್ತವೆ. ಆ ಸವಾರಿಯನ್ನು ಒಂದು ಗಂಟೆಗೆ ಮಿತಿಗೊಳಿಸಿ. ಅದಕ್ಕೂ ಹಿಂದಿನ ದಿನ ಹ್ಯಾಂಡಲ್‌ಬಾರ್‌ನ ಟೇಪನ್ನು ಪೂರ್ತಿ ಬಿಚ್ಚಿ ಕೊಳವೆಯ ಮೇಲೆ ಬಿಳಿಯ ಪುಡಿ ಅಥವಾ ಗುಳಿಗಳಿವೆಯೇ ನೋಡಿ. ಗುಳಿಗಳು ಕಂಡರೆ ಹೊಸ ಟೇಪ್ ಸುತ್ತಬೇಡಿ, ಹ್ಯಾಂಡಲ್‌ಬಾರನ್ನೇ ಬದಲಿಸಿ.